ಎಡ, ಬಲ

ಆನಂದಪುರದಾಚೆ ಅಕೇಶಿಯಾ ಪ್ಲಾಂಟೇಷನ್ನಿನಲ್ಲಿ
ರೇಸಿನ ಹಿಂದಿನ ಸಂಜೆ
ಸೈಕಲ್ ಬಿಟ್ಟು ನಡೆಯುತ್ತೇನೆ.
ಇಳಿಜಾರನ್ನು ಮೊದಲು ಕಾಲಿಗೆ ಓದಿಸಬೇಕು,
ಆಮೇಲೆ ಚಕ್ರಕ್ಕೆ.

ಇಲ್ಲಿ ದರೆ. ಇಲ್ಲಿ ಬೇರು, ಮುಂಗೈ ದಪ್ಪ,
ಬೆಳಗಿನ ಇಬ್ಬನಿಗೆ ಸೋಪಿನಂತಾಗುವುದು.
ಇಲ್ಲಿ ಜಂಬಿಟ್ಟಿಗೆಯ ಉರುಟು ಹರಳು,
ದಾರಿಗೆ ಚೆಲ್ಲಿದ ಹುರಿಗಡಲೆ.
ಇಲ್ಲಿ ಬ್ರೇಕು ಬಿಡು. ಇಲ್ಲಿ ಉಸಿರು ಬಿಡು.
ಇಲ್ಲಿ, ಇದೇ,
ಎಮ್ಮೆ ಮಲಗಿದಂತಿರುವ ಬಂಡೆ.

ಹೋದ ವರ್ಷ ಇದರ ಮೇಲೆ
ನನ್ನ ಎಡಗಡೆಯ ಕಾಲರ್ ಬೋನು ಎರಡಾಯಿತು.
ಸದ್ದು ನನಗೇ ಕೇಳಿತ್ತು.
ಒಣ ಬಿದಿರು ಸಿಡಿದಂತೆ ಅಂದರೆ ಚೆಂದ,
ನಿಜಕ್ಕೆ ಅದು ಬಿಸ್ಕತ್ತು.
ಶಿವಮೊಗ್ಗದಲ್ಲಿ ಪ್ಲೇಟು ಹಾಕಿದರು, ಏಳು ಸ್ಕ್ರೂ.
ಮೆಕ್ಯಾನಿಕ್ ಇನಾಯತ್ ಎಕ್ಸ್‌ರೇಯನ್ನು ಬೆಳಕಿಗೆ ಹಿಡಿದು
"ಎಷ್ಟು ಟಾರ್ಕ್ ಕೊಟ್ಟಿದ್ದಾರಂತೆ?" ಅಂದ.
ನಗಲು ಹೋಗಿ ಅತ್ತೆ.

"ಎಡವಿದ ಬೆರಳೇ ಎಡವುವುದು" ಅಂದಳು ದೊಡ್ಡಮ್ಮ,
ಗಂಜಿ ತಣ್ಣಗಾಗುವವರೆಗೂ ಅದನ್ನೇ ಅಂದಳು.
ಎಡವು ಎಂಬ ಮಾತಿನೊಳಗೇ ಎಡ ಇದೆಯಲ್ಲ,
ಮಲಗಿದವಳಿಗೆ ಇಂಥವೇ ಲೆಕ್ಕ.

ಎದ್ದ ಮೇಲೆ ಮೊದಲು ಕಲಿತದ್ದು ಬೀಳುವುದನ್ನು.
ಕ್ರೀಡಾಂಗಣದ ಹುಲ್ಲಿನಲ್ಲಿ, ಬೆಳಿಗ್ಗೆ ಐದೂವರೆಗೆ,
ವಾಕಿಂಗ್ ಬಂದವರು ನಿಂತು ನೋಡುತ್ತಿದ್ದರು
ಮೂವತ್ತರ ಹೆಂಗಸು ಬೇಕೆಂದೇ ಬೀಳುವುದನ್ನು.
ಕೈ ಊರಬೇಡ. ಗದ್ದ ಎದೆಗೆ. ಭುಜ ಸುತ್ತಿಕೊಳ್ಳಲಿ.
ನೆಲ ಬರುವುದು ಹೇಗೂ ಬರುತ್ತದೆ,
ನೀನು ಕೈ ನೀಡಿ ಕರೆಯಬೇಡ.
ಮಿಲಿಟರಿಯಲ್ಲಿದ್ದು ಬಂದ ಅಜ್ಜನೊಬ್ಬ
"ಎದೆ ಗಟ್ಟಿಯಿದೆ, ತಲೆಯೊಂದೇ ಸರಿಯಿಲ್ಲ" ಅಂದು
ಮರುದಿನದಿಂದ ಎಣಿಸಲು ನಿಂತ.
ಇಪ್ಪತ್ತು ಆಗದೆ ಬಿಡುತ್ತಿರಲಿಲ್ಲ.

ಈಗ ಬಂಡೆಯ ಮುಂದೆ ಕುಕ್ಕರಗಾಲಲ್ಲಿ ಕೂತು
ಗೇಣು ಹಾಕಿ ಅಳೆಯುತ್ತೇನೆ.
ಎಡಕ್ಕೆ ಮೂರು ಗೇಣು ಅಗಲ, ಎರಡು ಸೆಕೆಂಡು ಉಳಿತಾಯ.
ಬಲಕ್ಕೆ ಬಳಸಿದರೆ ಮಗುವೂ ಇಳಿದೀತು.
ಆರು ಸುತ್ತಿಗೆ ಹನ್ನೆರಡು ಸೆಕೆಂಡು.
ಒಂದು ಎಲುಬನ್ನು ಹನ್ನೆರಡರಿಂದ ಭಾಗಿಸಿ
ಶೇಷ ಎಷ್ಟೆಂದು ನೋಡುತ್ತಾ ಕೂತೆ
ಸೊಳ್ಳೆ ಕಿವಿ ಹುಡುಕಿಕೊಂಡು ಬರುವವರೆಗೆ.

ರಾತ್ರಿ ಇನಾಯತ್ ಪಪ್ಪಾಯ ಕೊಳ್ಳುವವನಂತೆ
ಹೆಬ್ಬೆರಳಲ್ಲಿ ಟೈರು ಒತ್ತಿ ಒತ್ತಿ
ಮುಂದೆ ಹದಿನೆಂಟು, ಹಿಂದೆ ಇಪ್ಪತ್ತು ಪೌಂಡು ಗಾಳಿ ಇಟ್ಟ.
"ಅರ್ಧ ಕಮ್ಮಿ ಮಾಡಲಾ?" ಅಂದೆ.
"ಗಾಳಿ ನಂದು, ನಿದ್ದೆ ನಿಂದು. ಹೋಗು."

ಬೆಳಿಗ್ಗೆ.
ಒಂದನೇ ಸುತ್ತು: ಎಡ.
ಎರಡು: ಎಡ. ಬಂಡೆ ಕೆಳಗೆ ಹರಿದುಹೋಯಿತು, ಯಾರದೋ ಎಮ್ಮೆ.
ಮೂರು: ಎಡ.
ನಾಲ್ಕರಲ್ಲಿ ಬಂಡೆ ದಾಟಿ, ಸಂಕ ದಾಟಿ,
ನೀರಿನ ಬಾಟಲಿಗೆ ಕೈ ಹಾಕುವ ಸಪಾಟು ಜಾಗ,
ನಿನ್ನೆ ನಾನು ಫೋನ್ ನೋಡುತ್ತಾ ನಡೆದ ಜಾಗ,
ಅಲ್ಲಿ
ದರಗಿನ ಮೇಲೆ ಮುಂದಿನ ಚಕ್ರ
ಸದ್ದಿಲ್ಲದೆ ಹೊರಟುಹೋಯಿತು,
ಹೇಳದೆ ಎದ್ದುಹೋದ ನೆಂಟರ ಹಾಗೆ.

ಕೈ ಊರಲಿಲ್ಲ.
ಹುಲ್ಲಿನ ಅಷ್ಟೂ ಬೆಳಗುಗಳು
ಭುಜದಲ್ಲಿ ಸುತ್ತಿಕೊಂಡವು. ಆಕಾಶ, ದರಗು, ಆಕಾಶ.
ಎಲುಬುಗಳ ಹಾಜರಿ ಕರೆದೆ, ಎಲ್ಲ ಓಗೊಟ್ಟವು,
ಏಳು ಸ್ಕ್ರೂ ಸಮೇತ.
ಚೈನು ಕೂರಿಸುವ ಬೆರಳು ಮಾತ್ರ ನಡುಗುತ್ತಿತ್ತು,
ಆಗ ಹಿಂದಿನಿಂದ ಕೊಡಗಿನ ಬೊಳ್ಳಮ್ಮ ಕೂಗಿದಳು:
"ಬಲ! ಬಲ!"
ಬಲಕ್ಕೆ ದಾರಿ ಬಿಡು, ಅಷ್ಟೇ ಅದರ ಅರ್ಥ ರೇಸಿನಲ್ಲಿ.
ಬಿಟ್ಟೆ. ಹೋದಳು. ಬೆನ್ನ ನಡುವೆ ಕೆಸರಿನ ಒಂದು ಗೆರೆ.
ಕೂಗು ಅವಳ ಜೊತೆ ಹೋಗಲಿಲ್ಲ,
ನನ್ನ ಪೆಡಲಿನ ಪಕ್ಕದಲ್ಲೇ ಉಳಿಯಿತು
ಇನ್ನೆರಡು ಸುತ್ತಿನುದ್ದಕ್ಕೂ.

ಹನ್ನೊಂದನೆಯವಳಾಗಿ ಮುಗಿಸಿದೆ.
ಇನಾಯತ್ ಮೊದಲು ಸೈಕಲ್ ನೋಡಿದ,
ಹ್ಯಾಂಡಲ್ ಸೊಟ್ಟ, ಹಿಡಿಯಲ್ಲಿ ಮಣ್ಣು,
ಆಮೇಲೆ ನನ್ನನ್ನು.
"ಬಂಡೆ ಹತ್ರವಾ?"
"ಅಲ್ಲ. ಬಂಡೆ ಹತ್ರ ಏನೂ ಆಗಲಿಲ್ಲ."
ಬ್ರೇಕಿನ ಸಂದಿಯಿಂದ ಒಂದು ಅಕೇಶಿಯಾ ಎಲೆ ಎಳೆದ,
ಒಣಗಿದ್ದು, ಪುಟ್ಟ ಕುಡುಗೋಲಿನ ಆಕಾರ.
ನನ್ನ ಅಂಗೈಯಲ್ಲಿಟ್ಟು
ಪಂಪು ಹುಡುಕಲು ಹೋದ.